ಬೂದಿ ಬಂದ ಮಧ್ಯಾಹ್ನ

ನಮ್ಮ ಮನೆಯ ತಾರಸಿಯ ಮೇಲೆ ಇನ್ನೂ ಕೋಣೆ ಎದ್ದಿರದ ಕಾಲ ಅದು. ತಮಿಳು ಸೀಮೆಯ ನಮ್ಮ ಹನುಮಂತನಪಟ್ಟಿಯಲ್ಲಿ ಆಗ ಮಾಸಿ ತಿಂಗಳು ಕಳೆದು ಬೇಸಿಗೆ ಕಾಲಿಡುವ ಪಂಗುನಿ ಹುಟ್ಟಿತೆಂದರೆ ಬೇವಿನ ಹೂವಿನ ಕಂಪು, ಅಂಗಳದಲ್ಲಿ ಬಿಡಿಸಿ ಒಣಹಾಕಿದ ಹುಣಸೆಹಣ್ಣಿನ ಹುಳಿವಾಸನೆ, ಎರಡೂ ಬೆರೆತು ಬೀದಿಯ ತುಂಬ ನಿಂತಿರುತ್ತಿದ್ದವು. ಮಕ್ಕಳೆಲ್ಲ ಹುಣಸೆಬೀಜ ಗುಡ್ಡೆ ಹಾಕಿ, ಒಂದೇ ಉಸಿರಿಗೆ ಊದಿ, ಚೆದುರಿದ ಬೀಜಗಳನ್ನು ಪಕ್ಕದ್ದಕ್ಕೆ ತಾಗಿಸದೆ ಎತ್ತುವ ಆಟ ಆಡುತ್ತಿದ್ದೆವು. ಹಸಿವಾದರೆ ಒಳಗೆ ಓಡಿ ಅವ್ವ ಕದಡಿಟ್ಟ ಸಜ್ಜೆ ಅಂಬಲಿ ಕುಡಿದು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಚ್ಚಿಕೊಂಡು ಮತ್ತೆ ಆಟಕ್ಕೆ. ಬೀದಿಯಲ್ಲಿ ಆಡುವಾಗ ತಮಿಳು, ಹೊಸಿಲೊಳಗೆ ಕಾಲಿಟ್ಟರೆ ಕನ್ನಡ. ಓದಿದ್ದೂ ತಮಿಳಿನಲ್ಲೇ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲದ ಕಡೆಗೆ ಬಂದ ಮೇಲೆ, ನನ್ನ ಮಗಳ ಒಂದನೇ ತರಗತಿಯ ಪುಸ್ತಕದಿಂದ.

ಅಪ್ಪನನ್ನು ನಾವು ಅಯ್ಯ ಎನ್ನುತ್ತಿದ್ದೆವು, ಅವನ ತಮ್ಮನನ್ನು ಚಿಕ್ಕಯ್ಯ. ಅಯ್ಯನಿಗೆ ದ್ರಾಕ್ಷಿ ತೋಟವೇ ಲೋಕ. ಚಿಕ್ಕಯ್ಯ ತೋಟದಲ್ಲಿ ಅಣ್ಣನ ಜೊತೆ ದುಡಿಯುತ್ತಿದ್ದ, ಆದರೆ ಅವನ ಜೀವ ಇದ್ದದ್ದು ತಾರಸಿಯ ಮೇಲೆ. ಅಲ್ಲಿ ಅವನು ಪಂದ್ಯದ ಪಾರಿವಾಳ ಸಾಕಿದ್ದ. ದಿಂಡುಗಲ್ಲಿನ ಮಂಡಿಗೆ ದ್ರಾಕ್ಷಿ ಹೋಗುವ ಮರದ ಪೆಟ್ಟಿಗೆಗಳಲ್ಲಿ ಮುರಿದವನ್ನು ಆರಿಸಿ ತಂದು, ಹಲಗೆ ಹಲಗೆ ಜೋಡಿಸಿ ಕಟ್ಟಿದ ಗೂಡು ಅದು. ಮುಂದುಗಡೆ ಹಕ್ಕಿ ಬಂದು ಇಳಿಯಲು ಒಂದು ಹಲಗೆ ಚಾಚಿಕೊಂಡಿತ್ತು.

ಈ ಪಂದ್ಯ ನೋಡದವರಿಗೆ ಸ್ವಲ್ಪ ಹೇಳಬೇಕು. ಉತ್ತಮಪಾಳ್ಯದಲ್ಲಿ ಹತ್ತು ಹನ್ನೆರಡು ಮಂದಿ ಈ ಹುಚ್ಚಿನವರಿದ್ದರು: ಒಬ್ಬ ದರ್ಜಿ, ಒಬ್ಬ ಬಸ್ ಕಂಡಕ್ಟರ್, ಒಬ್ಬ ಫೋಟೊ ಸ್ಟುಡಿಯೊದವನು, ಹೀಗೆ. ಬೇಸಿಗೆ ಬಲಿಯುವ ಮುಂಚಿನ ಎರಡು ತಿಂಗಳು ಇವರ ಕಾಲ. ಎಲ್ಲರ ಹಕ್ಕಿಗಳ ಕಾಲಿಗೂ ನಂಬರಿರುವ ರಬ್ಬರ್ ಬಳೆ ಹಾಕಿ, ಬುಟ್ಟಿಗಳಲ್ಲಿ ತುಂಬಿ ದೂರದ ಊರಿಗೆ ಕಳಿಸಿ, ಬೆಳಗಿನ ಜಾವ ಒಟ್ಟಿಗೆ ಹಾರಿಬಿಡುವುದು. ಹಕ್ಕಿ ತನ್ನ ಗೂಡು ಹುಡುಕಿಕೊಂಡು ಬರುತ್ತದೆ. ಬಂದ ಕೂಡಲೇ ಆ ಬಳೆ ಬಿಚ್ಚಿಕೊಂಡು ಸ್ಟುಡಿಯೊಗೆ ಧಾವಿಸಿ ಹೊತ್ತು ಬರೆಸಬೇಕು. ಬಳೆ ಮೊದಲು ಯಾರದು ಮುಟ್ಟಿತೋ ಅವರು ಗೆದ್ದಂತೆ.

ಈ ಹುಚ್ಚಿನಲ್ಲಿ ಚಿಕ್ಕಯ್ಯನ ಬಳಗದವಳು ಮನೆಯಲ್ಲಿ ನಾನೊಬ್ಬಳೇ. ನನಗೆ ಹನ್ನೊಂದು ವರ್ಷ. ಕಾಳಿನ ಡಬ್ಬ ಅಲ್ಲಾಡಿಸಿ ಹಕ್ಕಿಗಳನ್ನು ಒಳಗೆ ಕರೆಯುವುದನ್ನು ಅವನು ನನಗೆ ಕಲಿಸಿದ್ದ. ಆ ವರ್ಷ ತಿರುಚ್ಚಿಯಿಂದ ಬಿಟ್ಟ ಪಂದ್ಯದಲ್ಲಿ ನಮ್ಮ ಹಕ್ಕಿ ಬಿಸಿಲೇರುವ ಮುಂಚೆಯೇ ಬಂದಿಳಿಯಿತು. ಬಳೆಯನ್ನು ನನ್ನ ಮುಷ್ಟಿಯಲ್ಲಿಟ್ಟು, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಚಿಕ್ಕಯ್ಯ ಉತ್ತಮಪಾಳ್ಯದ ದಾರಿಯಲ್ಲಿ ತುಳಿದ ತುಳಿತ ಇವತ್ತಿಗೂ ನನ್ನ ಬೆನ್ನಿಗೆ ನೆನಪಿದೆ. ಗದ್ದೆಯ ತಂಗಾಳಿ ಮುಖಕ್ಕೆ, ಅವನ ಏದುಸಿರು ನೆತ್ತಿಗೆ. ಎರಡನೇ ಸ್ಥಾನ ಬಂತು. ಬಹುಮಾನ ಒಂದು ಎವರ್‌ಸಿಲ್ವರ್, ಅಂದರೆ ಸ್ಟೀಲಿನ, ಕೊಡ. ಅವ್ವ ಅದರಲ್ಲಿ ನೀರು ತುಂಬಿಟ್ಟು, ಹಕ್ಕಿಯಿಂದ ಈ ಮನೆಗೆ ಬಂದದ್ದು ಇದೊಂದೇ ಎಂದು ನಕ್ಕಳು.

ಆ ಹಕ್ಕಿಯ ಹೆಸರು ಬೂದಿ. ಒಲೆಬೂದಿಯ ಬಣ್ಣದ ಹೆಣ್ಣು, ಎಡ ರೆಕ್ಕೆಯಲ್ಲಿ ಒಂದು ಬಿಳಿ ಗರಿ. ಹೆಸರಿಟ್ಟವಳು ನಾನು.

ಅದೇ ವರ್ಷ ಚಿಕ್ಕಯ್ಯನಿಗೆ ತೇವಾರಂನಲ್ಲಿ ಹೆಣ್ಣು ಗೊತ್ತಾಯಿತು. ಪಂಗುನಿಯಾದ ಮೇಲಿನ ಎರಡನೇ ತಿಂಗಳು, ವೈಕಾಸಿಯಲ್ಲಿ ಮದುವೆ. ಹೊಸ ಜೋಡಿಗೆಂದು ತಾರಸಿಯ ಮೇಲೆ ಒಂದು ಕೋಣೆ ಕಟ್ಟಿಸಬೇಕೆಂದು ಅಯ್ಯ ಆಸೆಪಟ್ಟ. ತಮ್ಮನ ಮೇಲಿನ ಪ್ರೀತಿಯಿಂದಲೇ ಆಸೆಪಟ್ಟ. ತನ್ನ ಮದುವೆಯಾದಾಗ ತಾನೂ ಅವ್ವನೂ ಗೊಬ್ಬರದ ಮೂಟೆಗಳ ನಡುವೆ ಮಲಗಿದ್ದನ್ನು ಅವನು ಮರೆತಿರಲಿಲ್ಲ. ಆದರೆ ತಾರಸಿಯಲ್ಲಿದ್ದ ಜಾಗ ಅಷ್ಟೇ. ಕೋಣೆ ಏಳಬೇಕಾದರೆ ಗೂಡು ಇಳಿಯಬೇಕು.

ಚಿಕ್ಕಯ್ಯ ತಕರಾರು ಮಾಡಲಿಲ್ಲ. ಇರುವ ಹಕ್ಕಿಗಳನ್ನು ತೋಟದ ಬಾವಿ ಪಕ್ಕದ ಕೊಟ್ಟಿಗೆಗೆ ಸಾಗಿಸುವುದೆಂದು ತಾನೇ ಹೇಳಿದ. ಬೆಳೆದ ಪಂದ್ಯದ ಹಕ್ಕಿಗೆ ಜಾಗ ಬದಲಿಸಿದರೆ ಅದು ಒಪ್ಪುವುದಿಲ್ಲ, ಬಿಟ್ಟರೆ ಹಳೆಯ ಗೂಡಿಗೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಕೊನೆಯದಾಗಿ ನೆಲ್ಲೂರಿನಿಂದ ಬಿಡುವ ದೊಡ್ಡ ಪಂದ್ಯ ಒಂದು ಮುಗಿಯಲಿ, ಆಮೇಲೆ ಕೈ ಹಚ್ಚೋಣ ಎಂದು ಕೇಳಿಕೊಂಡ. ಅಯ್ಯ ಒಪ್ಪಿದ.

ನನಗೂ ಆ ಕೋಣೆಯ ಮೇಲೆ ಆಸೆ ಹುಟ್ಟಿತ್ತು. ಚಿಕ್ಕಯ್ಯ ಮೇಲಕ್ಕೆ ಹೋದರೆ, ಬೀದಿಯ ಕಡೆ ಕಿಟಕಿಯಿದ್ದ ಅವನ ಕೆಳಗಿನ ಕೋಣೆ ನನಗೆ ಎಂದು ಅಯ್ಯ ಮಾತು ಕೊಟ್ಟಿದ್ದ. ಅಲ್ಲಿಯವರೆಗೆ ನಾನು ನಡುಮನೆಯಲ್ಲಿ ಅವ್ವನ ಪಕ್ಕ ಚಾಪೆಯಲ್ಲಿ ಮಲಗುವವಳು. ತೇನಿಯ ಪೇಂಟಿನ ಅಂಗಡಿಯಿಂದ ಅಯ್ಯ ಬಣ್ಣಗಳ ಕಾರ್ಡು ತಂದುಕೊಟ್ಟಿದ್ದ. ಅದನ್ನು ಪುಸ್ತಕದೊಳಗೆ ಇಟ್ಟುಕೊಂಡು, ಪಾಠದ ನಡುವೆ ತೆಗೆದು ನೋಡಿ, ಕೊನೆಗೆ ಎಳೆ ಮಾವಿನೆಲೆಯ ಹಸಿರಿಗೆ ಬೆರಳಿಟ್ಟಿದ್ದೆ.

ನೆಲ್ಲೂರಿಗೆ ಚಿಕ್ಕಯ್ಯ ಬೂದಿಯೊಂದನ್ನೇ ಕಳಿಸಿದ. ಭಾನುವಾರ ಬೆಳಿಗ್ಗೆ ಬಿಟ್ಟರು. ಸಂಜೆಯೊಳಗೆ ಉಳಿದವರ ನಾಲ್ಕಾರು ಹಕ್ಕಿ ಬಂದವು, ಬೂದಿ ಬರಲಿಲ್ಲ. ದಿಂಡುಗಲ್ಲಿನ ಆಚೆ ಮಳೆಗಾಳಿ ಎದ್ದಿತ್ತಂತೆ. ಸೋಮವಾರ, ಮಂಗಳವಾರ ಚಿಕ್ಕಯ್ಯ ತೋಟಕ್ಕೆ ಹೋಗಲಿಲ್ಲ. ತಲೆಗೆ ಟವಲು ಸುತ್ತಿಕೊಂಡು ಬಡಗಣ ಆಕಾಶ ನೋಡುತ್ತ ತಾರಸಿಯಲ್ಲೇ ಕೂತ. ನಾನು ಅನ್ನ ಒಯ್ದು ಕೊಟ್ಟರೆ ಆಕಾಶದಿಂದ ಕಣ್ಣು ತೆಗೆಯದೆ ತಿಂದ.

ಬುಧವಾರ ಅವನು ಹೋಗಲೇಬೇಕಾಯಿತು. ಮದುವೆಯ ಸೀರೆ ತೆಗೆಯಲು ಹೆಣ್ಣಿನ ಮನೆಯವರ ಜೊತೆ ಮದುರೈಗೆ, ಅವ್ವನನ್ನೂ ಕರೆದುಕೊಂಡು, ಎರಡು ರಾತ್ರಿಯ ಪ್ರಯಾಣ. ಅಯ್ಯ ಆಗಲೇ ತೋಟಕ್ಕೆ ಹೋಗಿಯಾಗಿತ್ತು. ಬಸ್ಸಿಗೆ ಹೊರಟ ಚಿಕ್ಕಯ್ಯ ನನ್ನನ್ನು ಮೆಟ್ಟಿಲ ಹತ್ತಿರ ಕರೆದ.

"ಪಾಪಾ, ಬೂದಿ ಬಂದ್ರೂ ಬರ್‍ಬೋದು. ಬಂದ್ರೆ ಮೊದ್ಲು ನೀರು ಮಡಗು, ಕಾಳು ಆಮ್ಯಾಕೆ. ನಾ ಬರಗಂಟ ಗೂಡು ಮುಟ್ಬ್ಯಾಡಿ ಅಂತ ಅಣ್ಣಂಗೆ ಯೋಳು. ಮರೀದೆ ಯೋಳು, ಏನ?"

ಸರಿ ಎಂದೆ.

ಅಂದು ಸಂಜೆ ಅಯ್ಯ ಪಾಂಡಿ ಮೇಸ್ತ್ರಿಯನ್ನು ಕರೆದುಕೊಂಡು ಬಂದ. ಮೇಸ್ತ್ರಿ ಕಂಬಂನಲ್ಲಿ ಹಿಡಿದಿದ್ದ ಕೆಲಸ ಏನೋ ಕಾರಣಕ್ಕೆ ನಿಂತಿತ್ತು. ನಾಳೆಯೇ ಆಳು ಇಳಿಸುತ್ತೇನೆ, ಇಲ್ಲದಿದ್ದರೆ ಬೋಡಿಯಲ್ಲಿ ಒಂದು ಮನೆ ಕಾದಿದೆ, ಅದಕ್ಕೆ ಹೋದರೆ ತಿರುಗಿ ಬರುವುದು ಮದುವೆಯ ಆಮೇಲೆ ಎಂದ. ಅಯ್ಯ ಗಡ್ಡ ಕೆರೆದುಕೊಳ್ಳುತ್ತ ತಾರಸಿಯ ಕಡೆ ನೋಡಿದ. ಪಂದ್ಯ ಮುಗಿದಿತ್ತು, ಹಕ್ಕಿ ಬಂದಿರಲಿಲ್ಲ, ತಮ್ಮ ಊರಲ್ಲಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ಚಿಕ್ಕಯ್ಯ ಗೂಡಿನ ವಿಸ್ಯ ಏನಾರ ಯೋಳಿ ಓದ್ನಾ?"

ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಹೌದು ಎಂದಿದ್ದರೆ ಮೇಸ್ತ್ರಿಯನ್ನು ಕಳಿಸಿಬಿಡುತ್ತಿದ್ದ, ನನಗೆ ಗೊತ್ತು. ಬಾಯಿ ತೆರೆದೆ. ಕಿಟಕಿಯ ಕೋಣೆ, ಹಸಿರು ಗೋಡೆ, ಎಲ್ಲ ಬೋಡಿಯ ಬಸ್ಸು ಹತ್ತಿ ಹೋಗುವಂತೆ ಕಂಡಿತು.

"ಏನೂ ಯೋಳ್ನಿಲ್ಲಯ್ಯ," ಎಂದೆ.

ಗುರುವಾರ ಬೆಳಿಗ್ಗೆ ಅಯ್ಯ ತಾನೇ ಹತ್ತಿ, ಉಳಿದ ಹಕ್ಕಿಗಳನ್ನು ಒಂದೊಂದಾಗಿ ಜೋಪಾನವಾಗಿ ಹಿಡಿದು ಬುಟ್ಟಿಗಳಿಗೆ ಹಾಕಿ ತೋಟದ ಕೊಟ್ಟಿಗೆಗೆ ಕಳಿಸಿದ. ಕಾಳು, ನೀರು ಕೂಡ ಕಳಿಸಿದ. ಅರ್ಧ ಗಂಟೆಯಲ್ಲಿ ಗೂಡು ಹಲಗೆಯ ರಾಶಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಮರಳು ಬಂತು, ಇಟ್ಟಿಗೆ ಬಂತು, ಮೂಲೆಗಳಲ್ಲಿ ಕಂಬದ ಕಬ್ಬಿಣದ ಸರಳುಗಳು ನಿಂತವು. ಒದ್ದೆ ಸಿಮೆಂಟಿನ ವಾಸನೆ ನನಗೆ ಬಹಳ ಇಷ್ಟವಾಯಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಶುಕ್ರವಾರ ಶಾಲೆಗೆ ರಜೆ. ಆಳುಗಳು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ತಾರಸಿಯ ಮೇಲೆ ನಾನೊಬ್ಬಳೇ ಇದ್ದೆ. ತಲೆಯ ಮೇಲೆ ರೆಕ್ಕೆಯ ಸದ್ದಾಯಿತು.

ಬೂದಿ ಎರಡು ಸುತ್ತು ಹೊಡೆದು, ಯಾವಾಗಲೂ ಇಳಿಯುತ್ತಿದ್ದ ಜಾಗಕ್ಕೆ ನೇರವಾಗಿ ಇಳಿಯಹೋದಳು. ಅಲ್ಲಿ ಹಲಗೆಯಿರಲಿಲ್ಲ. ಗಾಳಿಯಲ್ಲೇ ತಡಬಡಿಸಿ, ಇಟ್ಟಿಗೆಗಳ ಮೇಲೆ ಬಿದ್ದಂತೆ ಕೂತಳು. ಬಾಲದ ಗರಿ ಅರ್ಧ ಇರಲಿಲ್ಲ, ಎದೆಯ ಮೂಳೆ ಎದ್ದು ಕಾಣುತ್ತಿತ್ತು. ಕಾಲಲ್ಲಿ ರಬ್ಬರ್ ಬಳೆ ಮಾತ್ರ ಹಾಗೇ ಇತ್ತು. ಆಮೇಲೆ ಅವಳು ನಡೆಯತೊಡಗಿದಳು. ಗೂಡು ಇದ್ದ ನಾಲ್ಕು ಮೂಲೆಗೂ ಹೋಗಿ ನಿಂತು ನೋಡಿದಳು, ಮತ್ತೆ ಮೊದಲ ಮೂಲೆಗೆ ಬಂದಳು.

ನಾನು ಕಾಳಿನ ಡಬ್ಬ ತಂದು ಅಲ್ಲಾಡಿಸಿದೆ. ಕತ್ತು ತಿರುಗಿಸಿ ನನ್ನ ಕಡೆ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಊಟ ಮುಗಿಸಿ ಬಂದ ಆಳುಗಳು ಗಾರೆ ಕಲಸಲು ಶುರುಮಾಡಿದರು. ಸಲಿಕೆಯ ಸದ್ದಿಗೆ ಹಾರಿ ಕಬ್ಬಿಣದ ಸರಳಿನ ತುದಿಯಲ್ಲಿ ಕೂತಳು. ಸದ್ದು ನಿಂತರೆ ಇಳಿಯುವಳು, ಎದ್ದರೆ ಹಾರುವಳು. ನೀರು ಇಟ್ಟೆ. ಹತ್ತಿರ ಬರಲಿಲ್ಲ.

ಅಯ್ಯ ಕೆಳಗೇ ಇದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೆಲಸ ನಿಲ್ಲಿಸುತ್ತಿದ್ದ, ತೋಟದಿಂದ ಅವಳ ಜೊತೆಯ ಗಂಡುಹಕ್ಕಿಯನ್ನು ತರಿಸುತ್ತಿದ್ದ, ಏನಾದರೂ ಮಾಡುತ್ತಿದ್ದ. ಆದರೆ ಕರೆದರೆ, ಚಿಕ್ಕಯ್ಯ ನಿನಗೆ ಏನು ಹೇಳಿದ್ದ ಎಂದು ಮತ್ತೆ ಕೇಳಿಯಾನು. ಆ ಒಂದು ಭಯಕ್ಕೆ ನಾನು ಕರೆಯಲಿಲ್ಲ. ಡಬ್ಬ ಹಿಡಿದುಕೊಂಡು ಬಿಸಿಲಲ್ಲಿ ನಿಂತೆ. ಹೊತ್ತು ಇಳಿಯುವವರೆಗೂ ಅವಳು ಅಲ್ಲೇ ಇದ್ದಳು. ಆಮೇಲೆ ಎದ್ದು ಪಡುವಣ ಬೆಟ್ಟದ ಕಡೆ ಹಾರಿದಳು. ಚುಕ್ಕಿಯಾಗಿ ಕಾಣದಾಗುವವರೆಗೆ ನೋಡಿದೆ. ಮತ್ತೆ ಬರಲಿಲ್ಲ.

ಅಂದೇ ದೀಪ ಹಚ್ಚುವ ಹೊತ್ತಿಗೆ ಚಿಕ್ಕಯ್ಯನೂ ಅವ್ವನೂ ಸೀರೆಯ ಪೊಟ್ಟಣ ಹೊತ್ತು ಬಂದರು. ಅವನು ಚಪ್ಪಲಿ ಬಿಟ್ಟವನೇ ತಾರಸಿಗೆ ಹೋದ. ನಾನೂ ಅಯ್ಯನೂ ಹಿಂದೆ ಹೋದೆವು. ಮೇಸ್ತ್ರಿ ಸಿಕ್ಕಿದ್ದನ್ನು ಹೇಳಿ ಅಯ್ಯ, ನೀನೂ ಒಂದು ಮಾತು ಹೇಳಿ ಹೋಗಲಿಲ್ಲವಲ್ಲ ಎಂದ.

ಚಿಕ್ಕಯ್ಯ ನನ್ನನ್ನು ನೋಡಿದ. ನಾನು ಮರಳಿನ ಗುಡ್ಡೆಯನ್ನು ನೋಡಿದೆ.

"ಮರ್ತ್‌ಬುಟ್ಟೆ ಅಣ್ಣ," ಎಂದ ಅವನು.

ಅಯ್ಯ ಇಳಿದುಹೋದ ಮೇಲೆ, ಬೂದಿ ಬಂದಿತ್ತೇ ಎಂದು ನನ್ನನ್ನು ಮೆಲ್ಲಗೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲ ಎಂದೆ. ಎರಡು ದಿನದಲ್ಲಿ ಅದು ನನ್ನ ಎರಡನೇ ಸುಳ್ಳು, ಮೊದಲಿನದಕ್ಕಿಂತ ಸುಲಭವಾಗಿ ಬಂತು. ಮರುದಿನ ಪಾಂಡಿ ಮೇಸ್ತ್ರಿ ಗಾರೆ ಮೆತ್ತುತ್ತ, ನೆನ್ನೆ ಒಂದು ಬೂದು ಹಕ್ಕಿ ಮಧ್ಯಾಹ್ನವೆಲ್ಲ ಇಲ್ಲೇ ಸುತ್ತುತ್ತಿತ್ತು ಎಂದು ಅವನಿಗೆ ಹೇಳುತ್ತಿದ್ದದ್ದು ಮೆಟ್ಟಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ಚಿಕ್ಕಯ್ಯ ಇಟ್ಟಿಗೆ ಎತ್ತಿ ಕೊಡುತ್ತಲೇ ಇದ್ದ.

ಕೋಣೆ ಮದುವೆಗೆ ಮುಂಚೆ ಮುಗಿಯಿತು. ನನ್ನ ಗೋಡೆ ಮಾವಿನೆಲೆಯ ಹಸಿರಾಯಿತು. ತೋಟದ ಕೊಟ್ಟಿಗೆಯ ಹಕ್ಕಿಗಳನ್ನೆಲ್ಲ ಚಿಕ್ಕಯ್ಯ ಸ್ಟುಡಿಯೊದವನಿಗೆ ಕೊಟ್ಟುಬಿಟ್ಟ, ಮತ್ತೆ ಸಾಕಲಿಲ್ಲ. ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ತೇನಿಗೆ ಹೋದರೆ ನನಗೆ ರಿಬ್ಬನ್ನು ತರುವುದನ್ನು ಬಿಡಲಿಲ್ಲ, ಲೆಕ್ಕ ಬಾರದಿದ್ದರೆ ಹೇಳಿಕೊಟ್ಟ. ಒಂದು ಮಾತ್ರ ಬದಲಾಯಿತು. ಅಂದಿನಿಂದ ಅವನು ನನಗೆ ಯಾವ ಕೆಲಸವನ್ನೂ ಒಪ್ಪಿಸಲಿಲ್ಲ. ಯಾರಿಗಾದರೂ ಒಂದು ಮಾತು ಮುಟ್ಟಿಸಬೇಕಾದರೆ ತಾನೇ ಎದ್ದು ಹೋಗುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಇದನ್ನು ಗಮನಿಸಲಿಲ್ಲ.

ಹೋದ ವರ್ಷ ಪಂಗುನಿಯಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಯ್ಯನ ಕೂದಲೆಲ್ಲ ನರೆತಿದೆ. ಅವನ ಮಕ್ಕಳಿಗೆ ನಮ್ಮ ಮಾತು ತಿಳಿಯುತ್ತದೆ, ಆಡಲು ಬಾರದು. ಅವರ ಜೊತೆ ಆಡಿ ಆಡಿ ಅವನಿಗೂ ತಮಿಳೇ ಬಾಯಿಗೆ ಬರುತ್ತದೆ. ಸಂಜೆ ಕೋಣೆಯ ಮುಂದಿನ ಚೂರು ತಾರಸಿಯಲ್ಲಿ ಇಬ್ಬರೇ ಕೂತಿದ್ದೆವು. ಹಿಂದೆಮುಂದೆ ಏನೂ ಹೇಳದೆ, ಅವತ್ತು ಬೂದಿ ಬಂದಿದ್ದಳು ಚಿಕ್ಕಯ್ಯ, ನಾನು ನೋಡಿದ್ದೆ, ಅಯ್ಯನಿಗೂ ನಿನ್ನ ಮಾತು ಹೇಳಿರಲಿಲ್ಲ ಎಂದೆ.

"ಗೊತ್ತು ಪಾಪಾ. ನೀನಾಗೇ ಬಂದು ಯೋಳ್ತೀಯ ಅಂತ ಕಾಯ್ತಿದ್ದೆ," ಎಂದ. ಮಂಡಿ ನೀವಿಕೊಳ್ಳುತ್ತ, "ರೊಂಬ ದಿನ ಕಾದೆ," ಎಂದ.

ಆಮೇಲೆ ತಮಿಳಿಗೆ ತಿರುಗಿ, ನನ್ನ ಮಗಳು ಯಾವ ತರಗತಿಗೆ ಬಂದಳು ಎಂದು ಕೇಳಿದ. ಹೇಳಿದೆ. ಚಿಕ್ಕಮ್ಮ ಊಟಕ್ಕೆ ಕರೆದಳು, ಅವನು ಮಂಡಿ ಹಿಡಿದುಕೊಂಡು ಎದ್ದ.

ಆ ರಾತ್ರಿ ಕೆಳಗಿಳಿಯುವಾಗ ಮೆಟ್ಟಿಲು ಎಣಿಸಿದೆ. ಹದಿನಾಲ್ಕು ಇವೆ. ಮದುವೆಯಾಗಿ ಹೋಗುವವರೆಗೆ ಹತ್ತು ವರ್ಷ ನಾನು ಆ ಮನೆಯ ಕೆಳಗಡೆ ಮಲಗಿದ್ದೆ, ಅವನು ಮೇಲುಗಡೆ. ಯಾವ ದಿನ ಬೇಕಾದರೂ ಹತ್ತಿ ಹೋಗಿ ಹೇಳಬಹುದಿತ್ತು.