ಜಪಸರದ ಎರಡನೆಯ ಪಾಲು

ಅವ್ವನನ್ನು ಮಣ್ಣು ಮಾಡಿದ ದಿನ ನಾನು ಸ್ಮಶಾನದ ಗೇಟು ದಾಟಿ ಒಳಗೆ ಹೋಗಲಿಲ್ಲ. ಗೇಟಿನ ಬಳಿ ನಾಲ್ಕಡಿ ಸಿಮೆಂಟು ಹಾಕಿದ್ದಾರೆ. ಅದರ ಮೇಲೆ ನಿಂತೇ ನೋಡಿದೆ. ನಮ್ಮ ಕ್ರೈಸ್ತರಲ್ಲಿ ಶವಪೆಟ್ಟಿಗೆ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಮೊದಲ ಹಿಡಿ ಮಗನದು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಫಾದರ್ ಸ್ವಲ್ಪ ಹೊತ್ತು ಕಾದರು. ಆಮೇಲೆ ಅವ್ವನ ತಂಗಿ, ನನ್ನ ಚಿಕ್ಕಮ್ಮ, ಬಗ್ಗಿ ಮೊದಲ ಹಿಡಿ ಹಾಕಿದಳು.

"ಹದಿನೇಳ್ ವರ್ಷ ಮಿಲ್ಟ್ರಿಲಿ ಇದ್ನಂತೆ. ಹೆತ್ತವ್ವನ ಗುಂಡಿ ತಾವ ಬರಕ್ಕೆ ಹೆದರ್ಕೊತಾನಲ್ಲಪ್ಪಾ," ಎಂದು ಯಾರೋ ಅಂದದ್ದು ಗೇಟಿನವರೆಗೂ ಕೇಳಿಸಿತು. ಸುಳ್ಳೇನಲ್ಲ, ಹೆದರಿದ್ದೆ. ಸಾವಿಗಲ್ಲ, ಹೆಣಕ್ಕೂ ಅಲ್ಲ. ಗುಂಡಿಯ ಸುತ್ತ ಹೊಸದಾಗಿ ಅಗೆದು ಹರಡಿದ್ದ ಕೆಂಪು ಮಣ್ಣಿಗೆ.

ಸೇನೆಯಲ್ಲಿ ನನ್ನ ಕೆಲಸ ನೆಲದಲ್ಲಿ ಹೂತಿಟ್ಟ ಮೈನು, ಅಂದರೆ ತುಳಿದರೆ ಸಿಡಿಯುವ ಬಾಂಬು, ತೆಗೆಯುವುದು. ಗಡಿಯ ಹೊಲಗಳಲ್ಲಿ ಹೊಟ್ಟೆಯ ಮೇಲೆ ಮಲಗಿ ಉಕ್ಕಿನ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ಏನೂ ತಗುಲದಿದ್ದರೆ ಎರಡು ಬೆರಳಷ್ಟು ಮುಂದೆ ಮತ್ತೊಮ್ಮೆ. ಮುಂದೆ ಒಬ್ಬನೇ ಇರಬೇಕು, ಉಳಿದವರು ದೂರ ಹಿಂದೆ. ಹೋದರೆ ಒಬ್ಬನೇ ಹೋಗಲಿ ಅಂತ. ತೆರವಾದ ದಾರಿಗೆ ಬಿಳಿ ಪಟ್ಟಿ ಎಳೆಯುತ್ತಾ ಹೋಗುತ್ತೇವೆ. ಆ ಪಟ್ಟಿಯಿಂದ ಒಂದು ಗೇಣು ಆಚೆ ಕಾಲಿಟ್ಟ ಜೊತೆಗಾರನೊಬ್ಬನ ಪಾದ ಹೋದದ್ದನ್ನು ಕಂಡಿದ್ದೇನೆ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಮೊದಲ ದಿನ ಕೈ ನಡುಗಿ ಕಡ್ಡಿ ಹಿಡಿಯಲಾಗಲಿಲ್ಲ. ಆಗ ಬಾಯಿಗೆ ತಾನಾಗಿ ಬಂದದ್ದು ಮನೆಯ ಜಪಸರ. ನಮ್ಮ ಮನೆಯಲ್ಲಿ ದಿನಾ ಸಂಜೆ ಮರಿಯಮ್ಮನವರ ಪಟದ ಮುಂದೆ ಕೂತು ಒಂದೊಂದು ಮಣಿಗೂ ಒಂದು 'ನಮೋ ಮರಿಯ' ಹೇಳುತ್ತಿದ್ದೆವು. ಆ ಪ್ರಾರ್ಥನೆಗೆ ಎರಡು ಪಾಲು. ಮೊದಲನೆಯದನ್ನು ಒಬ್ಬರು ಹೇಳಿ ನಿಲ್ಲಿಸುತ್ತಾರೆ, ಎರಡನೆಯದನ್ನು ಉಳಿದವರು ಹೇಳುತ್ತಾರೆ. ಮೊದಲ ಪಾಲು ಅವ್ವನದು. ಎರಡನೆಯದು ನನ್ನದು, ಪಕ್ಕದ ಮನೆಯಿಂದ ಬರುತ್ತಿದ್ದ ಚಿಕ್ಕಮ್ಮನದು. ನಾವು ಸಾಯುವ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು ಎಂದು ಮರಿಯಮ್ಮನವರನ್ನು ಬೇಡುವ ಮಾತು ಬರುವುದು ಆ ಎರಡನೆಯ ಪಾಲಿನಲ್ಲೇ.

ಗಡಿಯ ಹೊಲದಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಎರಡೂ ಪಾಲು ನಾನೇ ಹೇಳಿಕೊಂಡೆ. ಒಂದು ಸಲ ಚುಚ್ಚಿದರೆ ಒಂದು ನಮೋ ಮರಿಯ. ನಡುಕ ನಿಂತಿತು. ದೇವರು ನನ್ನ ಮಣಿಕಟ್ಟು ಹಿಡಿದಿದ್ದ ಅಂತ ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಓದಿದವರು ನಗಬಹುದು. ನಾನೂ ಓದಿದವನೇ. ನಮ್ಮ ವಂಶದಲ್ಲಿ ಮೊದಲ ಬಿ.ಎ. ನನ್ನದು. ಅಂಚೆಯಲ್ಲಿ ಪಾಠ ತರಿಸಿಕೊಂಡು, ಟ್ರಂಕಿನ ಮೇಲೆ ಪುಸ್ತಕ ಇಟ್ಟುಕೊಂಡು ಓದಿ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದವನು. ಕರಿ ಗೌನು ತೊಟ್ಟ ನನ್ನ ಫೋಟೊವನ್ನು ಅವ್ವ ಯೇಸುಸ್ವಾಮಿಯ ಪಟದ ಪಕ್ಕದಲ್ಲೇ, ಅದೇ ಎತ್ತರಕ್ಕೆ ತೂಗುಹಾಕಿದ್ದಳು. ಮನೆಗೆ ಬಂದ ಫಾದರ್, "ಏನಮ್ಮಾ, ಇವನಿಗೂ ಮೇಣದಬತ್ತಿ ಹಚ್ತೀಯೇನು?" ಅಂದರಂತೆ. ಅವ್ವ ಫೋಟೊವನ್ನು ಒಂದು ಗೇಣು ಕೆಳಗಿಳಿಸಿದಳು, ಅಷ್ಟೆ.

ಭಯ ಶುರುವಾದದ್ದು ನಿವೃತ್ತಿಯಾಗಿ ಬಂದ ಮೇಲೆ. ಉತ್ತ ಹೊಲ, ಮಳೆಗೆ ಸಡಿಲಾದ ಬದು, ಪೈಪಿಗೆಂದು ಅಗೆದು ಮುಚ್ಚಿದ ರಸ್ತೆ, ಇವುಗಳ ಮುಂದೆ ಕಾಲು ನಿಂತುಬಿಡುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮಗ್ಗಗಳ ಬೀದಿಯಲ್ಲಿ ರೂಮು ಮಾಡಿದೆ, ಸುತ್ತ ಎಲ್ಲಾ ಸಿಮೆಂಟು ಇದೆ ಅನ್ನುವ ಒಂದೇ ಕಾರಣಕ್ಕೆ. ಮದುವೆಯ ಮಾತು ಬಂದಾಗಲೆಲ್ಲ ಮುಂದೂಡಿದೆ. ದೊಡ್ಡಬೆಳವಂಗಲದ ಕಡೆಯ ನಮ್ಮೂರಿಗೆ ಹೋದರೆ ಮನೆಯ ಮುಂದಿನ ಸಿಮೆಂಟು ರಸ್ತೆಯಿಂದ ಕೆಳಗಿಳಿಯುತ್ತಿರಲಿಲ್ಲ. "ಹೊಲದ ತಾವ ಯಾಕ್ಲಾ ಬರಲ್ಲ?" ಎಂದು ಅವ್ವ ಒಮ್ಮೆ ಕೇಳಿದಳು. "ಆಫೀಸರ್ ಆಗ್ಬಿಟ್ಟಿದೀನಿ ಕಣವ್ವ," ಅಂದೆ. ನಕ್ಕಳು. ನಿಜ ಹೇಳದೆಯೇ ಅವಳನ್ನು ಕಳಿಸಿಬಿಟ್ಟೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ರೂಮಿನಲ್ಲಿ ಜಪಸರ ಹಿಡಿದರೆ ಮೂರನೇ ಮಣಿಗೇ ಅಂಗೈ ಬೆವರುತ್ತಿತ್ತು, ಮೂಗಿಗೆ ಆ ಹೊಲದ ಮಣ್ಣಿನ ವಾಸನೆ ಬರುತ್ತಿತ್ತು. ಭಯ ಓಡಿಸಲು ಹೇಳಿದ ಪ್ರಾರ್ಥನೆಯೇ ಈಗ ಭಯವನ್ನು ಕರೆತರುತ್ತಿತ್ತು. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿ ಮಾತ್ರೆ ಕೊಟ್ಟರು. ನಿದ್ದೆ ಬಂತು. ಜಪಸರ ಮಾತ್ರ ಟ್ರಂಕಿನಲ್ಲೇ ಉಳಿಯಿತು. ಭಾನುವಾರದ ಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಮನೆಯವರ ಜೊತೆ ಮಾತು ಬಿಟ್ಟವನು ಅದೇ ಮನೆಯಲ್ಲಿ ಊಟಕ್ಕೆ ಕೂತ ಹಾಗೆ.

ನವೆಂಬರ್ ಎರಡು ನಮಗೆ ಸತ್ತವರ ದಿನ. ಮಳೆಗೆ ಕುಸಿದ ಸಮಾಧಿಗಳಿಗೆ ಹೊಸ ಮಣ್ಣು ಏರಿಸಿ, ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಸಂಜೆ ಫಾದರ್ ಬಂದು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ. ಕಳೆದ ಸಲ ಆ ದಿನ ಮಧ್ಯಾಹ್ನವೇ ಸ್ಮಶಾನದ ಗೇಟಿನವರೆಗೆ ಹೋದೆ, ಹೂವನ್ನು ಯಾರ ಕೈಯಲ್ಲಾದರೂ ಕೊಟ್ಟು ಬರೋಣ ಅಂತ. ಒಳಗೆ ಚಿಕ್ಕಮ್ಮ ಒಬ್ಬಳೇ ಇದ್ದಳು. ಅವ್ವನ ಸಮಾಧಿಯ ಪಕ್ಕ ಮಣ್ಣು ಅಗೆದು ಗುಡ್ಡೆ ಹಾಕಿಕೊಂಡು, ಸುಸ್ತಾಗಿ ಕೂತಿದ್ದಳು.

"ಬಂದ್ಯಾ? ಬಾ, ಮಣ್ ಏರ್ಸು. ನನ್ ಸೊಂಟ ಬಿದ್ದೋಯ್ತು."

"ಈ ಹೂವ ತಗೊಂಡೋಗಿ ನೀನೇ ಇಟ್ಬಿಡು ಚಿಕ್ಕಮ್ಮ."

"ಯಾಕೆ, ಕಾಲಿಲ್ವಾ ನಿಂಗೆ?"

ಹೇಳಿಬಿಟ್ಟೆ. ಮೈನು, ಕಡ್ಡಿ, ಹೊಸ ಮಣ್ಣು, ಜಪಸರ, ಎಲ್ಲ. ಗೇಟಿನಿಂದ ಅವಳಿಗೆ ಕೇಳಿಸಬೇಕಲ್ಲ, ಕೂಗಿ ಹೇಳಿದೆ. ಇಷ್ಟು ವರ್ಷ ಯಾರ ಕಿವಿಯಲ್ಲೂ ಪಿಸುಗುಟ್ಟದ ಮಾತನ್ನು ಸಮಾಧಿಗಳ ಮೇಲಿಂದ ಕೂಗಬೇಕಾಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದಕ್ಕಾ ನೀನು ಸಂಜೆ ಜಪಕ್ಕೆ ಕೂರ್ತಿರ್ಲಿಲ್ಲ? ಅಕ್ಕ ಹೋದ್ಮೇಲೆ ನಾನೂ ಎರಡೂ ಪಾಲು ಒಬ್ಳೇ ಹೇಳ್ಕೊತಾ ಇದೀನಿ ಕಣಪ್ಪಾ. ಗೋಡೆ ಜೊತೆ ಮಾತಾಡ್ದಂಗಾಯ್ತದೆ."

ಸೊಂಟದ ಚೀಲದಿಂದ ಜಪಸರ ತೆಗೆದು ಕೂತಲ್ಲಿಂದಲೇ ಮೊದಲ ಪಾಲು ಹೇಳಿ ನಿಲ್ಲಿಸಿದಳು. ನಾನು ಎರಡನೆಯದನ್ನು ಹೇಳಿದೆ. ಹಳೆಯ ಅಭ್ಯಾಸ, ಬಾಯಿ ನಿಲ್ಲದೆ ಮುಂದಿನ ಮಣಿಯ ಮೊದಲ ಪಾಲಿಗೂ ಹೋಯಿತು.

"ಲೇ, ಅದು ನನ್ ಪಾಲು ಕಣೋ! ನಿಂದೆಷ್ಟೋ ಅಷ್ಟು ಹೇಳು. ಬಿ.ಎ. ಮಾಡಿದೀಯ, ಇಷ್ಟ್ ಗೊತ್ತಾಗಲ್ವಾ?"

ಬಾಯಿ ಮುಚ್ಚಿದೆ. ಅವಳು ಹೇಳುವಷ್ಟು ಹೊತ್ತು ನನಗೆ ಕೆಲಸವಿರಲಿಲ್ಲ. ಆ ಬಿಡುವಿನಲ್ಲಿ ಒಂದು ಕಾಲು ಸಿಮೆಂಟಿನಿಂದ ಕೆಳಗಿಟ್ಟೆ. ಅವಳ ಬರಿಗಾಲಿನ ಗುರುತುಗಳು ಕಾಣುತ್ತಿದ್ದವು. ಸೇನೆಯಲ್ಲಿ ಕಲಿತಂತೆ ಅವುಗಳ ಮೇಲೇ ಹೆಜ್ಜೆ ಇಟ್ಟೆ, ಒಂದು ಮಣಿಗೆ ಒಂದು. ಅಂಗೈ ಬೆವರಿತು. ವಾಸನೆಯೂ ಬಂತು. ಏಳನೆಯ ಮಣಿಗೆ ಕಾಲೂ ನಿಂತಿತು, ಬಾಯಿಯೂ ನಿಂತಿತು. ಚಿಕ್ಕಮ್ಮ ನನ್ನ ಪಾಲನ್ನು ತಾನು ಹೇಳಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮಣಿ ಹಿಡಿದು ಕಾದಳು. ಎಷ್ಟೋ ಹೊತ್ತಿನ ಮೇಲೆ ನನ್ನ ಪಾಲು ಹೊರಗೆ ಬಂತು.

ಕೊನೆಯ ಎರಡು ಹೆಜ್ಜೆಗೆ ಯಾರ ಗುರುತೂ ಇರಲಿಲ್ಲ, ಅವಳು ಅಗೆದು ಹಾಕಿದ ಮಣ್ಣಿನಡಿ ಮುಚ್ಚಿಹೋಗಿದ್ದವು. ಅಗೆದ ಮಣ್ಣಿನ ಮೇಲೆಯೇ ಕಾಲಿಡಬೇಕಿತ್ತು. ಇಟ್ಟೆ. ಪಾದ ಕಣಕಾಲಿನವರೆಗೂ ಹೂತುಕೊಂಡಿತು, ಅಷ್ಟೆ. ಮಂಡಿಯೂರಿ ಒಂದು ಹಿಡಿ ಮಣ್ಣು ತೆಗೆದು ಅವ್ವನ ಮೇಲೆ ಹಾಕಿದೆ. ಒಂದೂವರೆ ವರ್ಷ ತಡವಾಗಿ.

ಭಯ ಹೋಗಿಲ್ಲ. ಈಗಲೂ ಅಗೆದ ರಸ್ತೆ ಕಂಡರೆ ಆಚೆ ಬದಿಗೆ ದಾಟುತ್ತೇನೆ. ಸಂಜೆ ಏಳಕ್ಕೆ ಮಾತ್ರ ಮಗ್ಗಗಳ ಸದ್ದಿಗೆ ರೂಮಿನ ಕಿಟಕಿ ಮುಚ್ಚಿ ಊರಿಗೆ ಫೋನು ಮಾಡುತ್ತೇನೆ. ಚಿಕ್ಕಮ್ಮ ತನ್ನ ಪಾಲು ಹೇಳಿ ನಿಲ್ಲಿಸುತ್ತಾಳೆ. ಕೆಲವು ದಿನ ನನ್ನ ಬಾಯಿ ಬೇಗ ತೆರೆಯುವುದಿಲ್ಲ. ಆ ಕಡೆಯಿಂದ ಅವಳ ಉಸಿರು ಕೇಳುತ್ತಿರುತ್ತದೆ.