ಹತ್ತದ ಕೆಂಪು ದೀಪ

ನನ್ನ ಅಂಗಡಿಗೆ ಬೋರಿನ ಮೋಟಾರು ಹೊತ್ತು ತರುವವರಿಗೆ ನಾನು ಮೊದಲು ಕೇಳುವ ಮಾತು ಒಂದೇ. ಸ್ವಿಚ್ ನೋಡಿದ್ದೀರೇನ್ರಿ? ಕೆಲವರು ಮುಖ ಗಂಟು ಹಾಕುತ್ತಾರೆ, ಇವನು ನಮ್ಮನ್ನು ದಡ್ಡರೆಂದು ತಿಳಿದಿದ್ದಾನೆ ಅಂದುಕೊಳ್ಳುತ್ತಾರೆ. ಅಥಣಿಯಲ್ಲಿ ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದವನು ನಾನು. ದೊಡ್ಡ ದೋಷ ಹುಡುಕಲು ಹೋಗಿ ಸಣ್ಣದನ್ನು ಬಿಟ್ಟವರನ್ನು ಕಂಡರೆ ನಗು ಬರುತ್ತಿತ್ತು. ಈಗ ಆ ಪ್ರಶ್ನೆ ಕೇಳುವಾಗ ನನ್ನ ದನಿ ಮೊದಲಿನಷ್ಟು ಜೋರಾಗಿ ಏಳುವುದಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮೂರು ತೆಲಸಂಗದಿಂದ ನಿಪ್ಪಾಣಿಗೆ ಮದುವೆಯಾಗಿ ಹೋದಳು. ಹೋದ ಮರುವರ್ಷವೇ ತಂಬಾಕಿನ ವಖಾರಿಗೆ ಕೆಲಸಕ್ಕೆ ಹತ್ತಿದಳು. ದಿನವಿಡೀ ತಂಬಾಕು ಜರಡಿ ಹಿಡಿಯುವ ಕೆಲಸ. ಭಾವ ತೀರಿಕೊಂಡ ಮೇಲೂ ಬಿಡಲಿಲ್ಲ. ಆ ಧೂಳು ಅವಳ ಪುಪ್ಪುಸವನ್ನು ತಿಂದು ಹಾಕಿತು. ಕೊನೆಗೆ ಡಾಕ್ಟರು ಆಕ್ಸಿಜನ್ ಮಷೀನು ಬರೆದುಕೊಟ್ಟರು. ಅದು ಕರೆಂಟಿನ ಮೇಲೆ ಓಡುವ, ಮೊಳಕಾಲೆತ್ತರದ ಪೆಟ್ಟಿಗೆ. ಅದರಿಂದ ಹೊರಟ ನಳಿಗೆ ಅಕ್ಕನ ಮೂಗಿಗೆ. ಹತ್ತು ನಿಮಿಷ ಅದಿಲ್ಲದೆ ಕೂಡಬಲ್ಲಳು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಉಂಡಿ, ಸೀರೆ ಕಟ್ಟಿಕೊಂಡು ಹೋಗಿ ಕರೆಯಬೇಕು, ಅವಳು ತವರಿಗೆ ಬಂದು ಜೋಕಾಲಿ ಆಡಬೇಕು. ಅವ್ವ ಇರುವತನಕ ನಾನು ತಪ್ಪದೆ ಹೋಗುತ್ತಿದ್ದೆ. ಅವ್ವ ಹೋದ ಮೇಲೆ ಅಂಗಡಿಯ ನೆಪ ಬಂತು. ಉಂಡಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು, ಫೋನಿನಲ್ಲಿ ಬಾ ಅಂದು, ಅವಳು ಮುಂದಿನ ವರ್ಷ ನೋಡೋಣ ಅಂದರೆ ಒಳಗೊಳಗೇ ಹಗುರಾಗುತ್ತಿದ್ದೆ. ಹಾಗೆ ಹನ್ನೊಂದು ಪಂಚಮಿ ಕಳೆದವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಮೂಗಿಗೆ ನಳಿಗೆ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಈ ಸಲ ಅಕ್ಕನನ್ನು ಕರೆತಂದೇ ತೀರುತ್ತೇನೆ ಅಂದೆ. ಅಂಬ್ಯುಲೆನ್ಸ್ ತರಲೇ ಎಂದು ಫೋನಿನಲ್ಲಿ ಕೇಳಿದರೆ, ಅದರಲ್ಲಿ ಬಂದರೆ ಊರ ಮಂದಿ ಅಗಸಿಯ ಬಾಗಿಲಲ್ಲೇ ಅಳಲು ಸುರು ಮಾಡುತ್ತಾರೆ ಎಂದು ನಕ್ಕಳು. ಸಣ್ಣ ಸಿಲಿಂಡರು ಹಾದಿಗೂ ಸಾಲದು. ತೆಲಸಂಗ ಮುಟ್ಟಿದರೆ ಅಲ್ಲಿ ಕರೆಂಟು ಯಾವಾಗ ಇರುತ್ತದೋ ಯಾವಾಗ ಹೋಗುತ್ತದೋ. ಆಗ ಕೊಲ್ಹಾಪುರದ ಒಬ್ಬರು ತಮ್ಮ ಹಳೆಯ ಟೆಂಪೊ ಟ್ರಾವೆಲರ್ ಮಾರುತ್ತಿದ್ದಾರೆಂದು ಗೊತ್ತಾಯಿತು. ತಿರುಗಾಟಕ್ಕೆಂದು ಒಳಗೆ ಮಂಚ, ಅಡುಗೆಯ ಕಟ್ಟೆ, ನೀರಿನ ಟಾಕಿ ಎಲ್ಲ ಮಾಡಿಸಿದ್ದರು. ಮೇಲೆ ಎರಡು ಸೋಲಾರ್ ಫಲಕ, ಮಂಚದ ಕೆಳಗೆ ಬ್ಯಾಟರಿ ಮತ್ತು ಇನ್ವರ್ಟರು. ಹಿಂದೆ ಮುಂದೆ ನೋಡದೆ ಕೊಂಡು ತಂದೆ. ಅಕ್ಕನ ಮಷೀನು ನಡೆಯುವ ಗಾಡಿಯಲ್ಲಿ ನಡೆಯಬೇಕು, ನಮ್ಮ ಮನೆಯ ಅಂಗಳದಲ್ಲೂ ನಡೆಯಬೇಕು. ನನಗೆ ಬೇಕಾದದ್ದು ಅಷ್ಟೇ.

ಪಂಚಮಿಗೆ ಮೂರು ದಿನ ಮೊದಲು ನಿಪ್ಪಾಣಿಗೆ ಹೋಗಿ ಗಾಡಿಯನ್ನು ಅವಳ ಬಾಗಿಲ ಮುಂದೆ ನಿಲ್ಲಿಸಿದೆ. ಇಳಕಲ್ ಸೀರೆ, ಶೇಂಗಾದ ಉಂಡಿ ಕೊಟ್ಟೆ. ಅಕ್ಕ ಸೀರೆಯನ್ನು ಮೂಸಿ ನೋಡಿದಳು. ಇಷ್ಟು ವರ್ಷದ ಮೇಲೆ ನಿನಗೆ ಹಾದಿ ನೆನಪಿತ್ತಲ್ಲ, ಹೊಟ್ಟೆ ನೋಡಿದರೆ ಉಂಡಿ ಎಲ್ಲ ನೀನೇ ತಿಂದಂತಿದೆ ಎಂದು ಛೇಡಿಸಿದಳು. ಅಕ್ಕನ ಸೊಸೆ ಅವಳನ್ನು ಕೈ ಹಿಡಿದು ಗಾಡಿಗೆ ಹತ್ತಿಸಿದಳು. ನಾನು ಮಷೀನು ಒಳಗಿಟ್ಟು ಇನ್ವರ್ಟರಿಗೆ ಜೋಡಿಸಿದೆ. ಸಣ್ಣಗೆ ಗುಂಯ್ ಎಂದು ಓಡತೊಡಗಿತು. ಚಿಕ್ಕೋಡಿ, ರಾಯಬಾಗ ದಾಟಿ, ಉಗಾರ ಬುದ್ರುಕದ ಹತ್ತಿರ ಹೊಳೆಯ ದಂಡೆಗೆ ಬುತ್ತಿ ಬಿಚ್ಚೋಣ ಎಂದು ನಾನು ಲೆಕ್ಕ ಹಾಕಿದ್ದೆ. ಹಾದಿಯಲ್ಲಿ ಮೋಸವಾಗಬಾರದೆಂದು ಒಂದು ನಿಯಮವನ್ನೂ ಮಾಡಿಕೊಂಡಿದ್ದೆ. ಗಾಡಿ ನಿಂತಲ್ಲೇ ಮಷೀನು ಎರಡು ತಾಸು ಬಿಡದೆ ಓಡಿದರೆ ಮಾತ್ರ ಹೊರಡುವುದು.

ಎರಡು ತಾಸಿಗೆ ಇನ್ನೇನು ಸ್ವಲ್ಪ ಇರುವಾಗ ಚೀಲ ತರಲು ಮನೆಯೊಳಗೆ ಹೋದೆ. ಹಿಂದೆಯೇ ಮಷೀನು ಪೀ ಎಂದು ಕೂಗಿತು. ಕರೆಂಟು ಹೋದರೆ ಅದು ಹಾಗೆ ಕೂಗುತ್ತದೆ. ಓಡಿ ಬಂದರೆ ಇನ್ವರ್ಟರು ಬಂದ್ ಆಗಿತ್ತು. ಸೊಸೆ ಮನೆಯಿಂದ ವಾಯರು ಎಳೆದು ಮಷೀನು ಹಚ್ಚಿದಳು. ನಾನು ಇನ್ವರ್ಟರಿನ ಗುಂಡಿ ಒತ್ತಿದೆ, ಅದು ಏನೂ ಆಗಿಲ್ಲವೆಂಬಂತೆ ಸುರುವಾಯಿತು. ಬ್ಯಾಟರಿಯ ವೋಲ್ಟೇಜು ಇಳಿದು ತಾನೇ ಟ್ರಿಪ್ ಆಗಿರಬೇಕು ಎಂದುಕೊಂಡೆ. ಶ್ರಾವಣದ ಮೋಡ ನೋಡಿ, ಇದರದ್ದೇ ಕಿತಾಪತಿ ಎಂದು ಬೈದೆ.

ಆಮೇಲೆ ಮೂರು ದಿನ ನಾನು ಮಾಡದ ಕೆಲಸವಿಲ್ಲ. ಮೇಲೆ ಹತ್ತಿ ಫಲಕ ಒರೆಸಿ ಮೀಟರು ಹಚ್ಚಿದೆ, ಮೋಡದಲ್ಲೂ ಸಾಕಷ್ಟು ಕರೆಂಟು ಬರುತ್ತಿತ್ತು. ಚಾರ್ಜ್ ಕಂಟ್ರೋಲರು ಸರಿಯಿತ್ತು. ಬ್ಯಾಟರಿಯ ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಬಿಸಿನೀರು ಹಾಕಿ ಉಜ್ಜಿ ವ್ಯಾಸಲಿನ್ ಹಚ್ಚಿದೆ. ಮತ್ತೆ ನಿಂತಿತು. ವಾಯರು ತೆಳುವಾಯಿತು ಎಂದು ದಪ್ಪನೆಯದು ಎಳೆದೆ. ಮತ್ತೆ ನಿಂತಿತು. ಚಿಕ್ಕೋಡಿಗೆ ಹೋಗಿ ಹೊಸ ಬ್ಯಾಟರಿ ತಂದು ಹಾಕಿದೆ. ನಾನು ಮುಂದೆ ಕೂತಿದ್ದಾಗ ಓಡುವ ಮಷೀನು, ಚಹಾ ಕುಡಿಯಲೋ ಕೈ ತೊಳೆಯಲೋ ಎದ್ದು ಹೋದರೆ ನಿಲ್ಲುತ್ತಿತ್ತು. ತಲೆ ಕೆಟ್ಟು ಗೊಬ್ಬರವಾಯಿತು. ಗಾಡಿ ಮಾರಿದವರಿಗೆ ಫೋನ್ ಮಾಡಿ ಮರಾಠಿಯಲ್ಲಿ ಬಾಯಿಗೆ ಬಂದಂತೆ ಅಂದೆ. ಪಾಪ, ಆ ಮನುಷ್ಯನಿಗೆ ಇನ್ನೂ ತಪ್ಪಾಯಿತೆಂದು ಹೇಳಿಲ್ಲ.

ಆ ಮೂರು ದಿನ ಅಕ್ಕ ಗಾಡಿಯೊಳಗಿನ ಮಂಚದ ಮೇಲೆ ಕೂತೇ ಇದ್ದಳು. ಮುಂಜಾನೆ ಜಳಕ ಮಾಡಿ, ನಾನು ತಂದ ಸೀರೆಯನ್ನೇ ಉಟ್ಟು ಬಂದು ಕೂಡುತ್ತಿದ್ದಳು. ಎಲೆಅಡಿಕೆಯ ಚಂಚಿ ಪಕ್ಕದಲ್ಲಿ. ಉಂಡಿ ಮುರಿದು ಅರ್ಧ ನನಗೆ ಕೊಡುತ್ತಿದ್ದಳು. ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಏನೇನೋ ಹೇಳುತ್ತಿದ್ದಳು. ನಾನು ಚಿಕ್ಕವನಿದ್ದಾಗ ಪಂಚಮಿಯ ಜೋಕಾಲಿಯ ಹಗ್ಗವನ್ನು ಕುಡುಗೋಲಿನಿಂದ ಅರ್ಧ ಕೊಯ್ದಿಟ್ಟಿದ್ದೆ. ಓಣಿಯ ಹುಡುಗಿ ಬಿದ್ದು ಮೊಳಕೈ ಮುರಿದುಕೊಂಡಾಗ, ಹಗ್ಗ ಹಳೆಯದಿತ್ತು ಎಂದು ಅಕ್ಕ ಅಪ್ಪನಿಗೆ ಹೇಳಿ ನನ್ನನ್ನು ಉಳಿಸಿದ್ದಳು. ಅದನ್ನು ನೆನಪು ಮಾಡಿ, ನೆನಪೈತೇನ ಎಂದು ಕೇಳಿದಳು. ನಾನು ಮಂಚದ ಕೆಳಗೆ ತಲೆ ತೂರಿಸಿಕೊಂಡು ಹ್ಞೂಂ ಅಂದೆ. ಅವಳ ಕೈಗೆ ಟಾರ್ಚ್ ಕೊಟ್ಟಿದ್ದೆ, ಟಾರ್ಚ್ ಸರಿಯಾಗಿ ಹಿಡಿ ಎಂದೂ ಅಂದೆ.

ಮೂರನೆಯ ದಿನ ಮಧ್ಯಾಹ್ನ, ಹೊಸ ಬ್ಯಾಟರಿಯ ಮೇಲೂ ಮಷೀನು ಕೂಗಿದಾಗ ನನ್ನ ಪಿತ್ತ ನೆತ್ತಿಗೇರಿತು. ಮರುದಿನವೇ ಪಂಚಮಿ. ಬೋಲ್ಟು ಬಿಚ್ಚಲು ಕೈಯಲ್ಲಿ ಹಿಡಿದಿದ್ದ ಪಾನಾ ಬೀಸಿ ಒಗೆದೆ.

"ನೀ ಏನರ ಮುಟ್ಟಿಯೇನ ಬೇ ಇದನ್ನ?" ಅಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಚಂಚಿಯ ದಾರ ಬಿಚ್ಚಿ ಕಟ್ಟುತ್ತ, "ನಾ ಯಾಕ ಮುಟ್ಲಿ? ಮಷೀನ ಒಲ್ಲೆ ಅನ್ನಾಕತ್ತೈತಿ. ನೀ ಕರಿಯಾಕ ಬಂದಿ, ನಂಗಷ್ಟ ಸಾಕು" ಅಂದಳು.

ಮುಂದಿನ ಪಂಚಮಿಗೆ ಸರಿಮಾಡಿಕೊಂಡೇ ಬರುತ್ತೇನೆ ಎಂದು ಗಾಡಿ ತಿರುಗಿಸಿದೆ. ನಳಿಗೆ ಎಷ್ಟು ಉದ್ದ ಬರುತ್ತದೋ ಅಷ್ಟು, ಹೊಸ್ತಿಲತನಕ ಬಂದು ನಿಂತು, ಸಾವಕಾಶ ಹೋಗು ಎಂದು ಕೈ ಮಾಡಿದಳು. ನಾನು ಸಿಟ್ಟಿನಲ್ಲಿ ಸರಿಯಾಗಿ ಮಾತಾಡಲೂ ಇಲ್ಲ. ದೀಪಾವಳಿಯ ಹಿಂದಿನ ವಾರ ಅದೇ ಮನೆಯಲ್ಲಿ ಅಕ್ಕ ತೀರಿಕೊಂಡಳು. ಮಣ್ಣು ಕೊಡುವಾಗ ನನಗೆ ಆ ಹಾಳು ಇನ್ವರ್ಟರೇ ಕಣ್ಣ ಮುಂದೆ ಬರುತ್ತಿತ್ತು. ಅದನ್ನೊಂದು ಸರಿಮಾಡಿದ್ದರೆ ಒಂದು ಸಲವಾದರೂ ತವರಿಗೆ ಬರುತ್ತಿದ್ದಳು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಗಾಡಿ ಅಂಗಡಿಯ ಹಿಂದೆ ನಿಂತುಬಿಟ್ಟಿತು. ಬೇಸಿಗೆ ಮುಗಿಯುವಾಗ, ಕುರಿ ಹಿಂಡಿನ ಜೊತೆ ಊರೂರು ತಿರುಗುವ ಒಬ್ಬ ಯಜಮಾನರು ಅದನ್ನು ಕೇಳಿಕೊಂಡು ಬಂದರು. ಹೆಂಗಸರು ಮಕ್ಕಳಿಗೆ ನೆರಳಾಗುತ್ತದೆ, ಫೋನು, ದೀಪ ನಡೆದರೆ ಸಾಕು ಅಂದರು. ಇನ್ವರ್ಟರಿನ ದೋಷವನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ಮೊದಲು ಸುಮ್ಮನೆ ಓಡಿಸಿ ತೋರಿಸುತ್ತೇನೆ ಎಂದು ಅಂಗಡಿಯ ದೊಡ್ಡ ಫ್ಯಾನು ಎರಡು ಹಚ್ಚಿದೆ. ಇನ್ವರ್ಟರಿಗೆ ಅದು ಅಕ್ಕನ ಮಷೀನಿಗಿಂತ ಹೆಚ್ಚು ಭಾರ. ಎರಡು ತಾಸು ಓಡಿತು, ಮೂರು ತಾಸು ಓಡಿತು. ನಾನು ಬೇಕೆಂತಲೇ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಓಡುತ್ತಲೇ ಇತ್ತು.

ಯಜಮಾನರು ಬಾಗಿ ಇನ್ವರ್ಟರಿನ ಗುಂಡಿ ಒತ್ತಿ ಬಂದ್ ಮಾಡಿದರು. ಮೂಲೆಯಲ್ಲಿರುವ ಸಣ್ಣ ದೀಪ ತೋರಿಸಿ ಅದು ಯಾಕೆಂದು ಕೇಳಿದರು.

"ತಾನ ಟ್ರಿಪ್ ಆತಂದ್ರ ಅದು ಕೆಂಪಗ ಹತ್ತಿ ನಿಂದರತೈತ್ರಿ" ಎಂದೆ. "ಕೈಲೆ ಬಂದ ಮಾಡಿದ್ರ ಹತ್ತಂಗಿಲ್ಲ."

ಹೇಳಿದ ಮಾತು ನನ್ನ ಕಿವಿಗೇ ಬಿತ್ತು. ಮೂರು ದಿನ, ಎಷ್ಟು ಸಲ ನಿಂತಿತೋ ಅಷ್ಟು ಸಲವೂ ನಾನು ಆ ಗುಂಡಿ ಒತ್ತಿದ್ದೆ. ಒಂದು ಸಲವೂ ಆ ದೀಪ ಹತ್ತಿರಲಿಲ್ಲ. ಗುಂಡಿ ಇದ್ದದ್ದು ಅಕ್ಕ ಕೂಡುತ್ತಿದ್ದ ಜಾಗದ ಕೆಳಗೇ, ಕೈ ಇಳಿಬಿಟ್ಟರೆ ತಾಕುವಷ್ಟು ಹತ್ತಿರ. ಯಜಮಾನರಿಗೆ ನಾಳೆ ಬರ್ರಿ ಎಂದು ಹೇಳಿ ಅಂಗಡಿಯ ಬಾಗಿಲು ಹಾಕಿದೆ. ಸಿಕ್ಕ ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆ.

ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಇನ್ವರ್ಟರನ್ನು ಅಕ್ಕನೇ ಬಂದ್ ಮಾಡುತ್ತಿದ್ದಳೇನು ಎಂದು ಕೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು.

"ಅತ್ತೀನ ಗುಂಡಿ ಒತ್ತಿ ಬಂದ್ ಮಾಡ್ತಿದ್ರರಿ ಮಾವಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. ಹಾದ್ಯಾಗರ, ತವರಮನ್ಯಾಗರ ಉಸರ ನಿಂತ್ರ, ವರ್ಷಾ ಪಂಚಮಿ ಬಂದಾಗ ಅದ ಸಾವು ನೆನಪಾಗಿ ತಮ್ಮನ ಮನ್ಯಾಗ ಜೋಕಾಲಿ ಕಟ್ಟಾಂಗಿಲ್ಲ ಅಂದ್ರು. ಕೊಟ್ಟ ಹೆಣ್ಣು ಗಂಡನ ಮನಿಂದನ ಹೋಗಬೇಕು ಅಂದ್ರು."

ಹಾಗಿದ್ದರೆ ನನಗೆ ಬಾಯಿಬಿಟ್ಟು ಒಲ್ಲೆ ಅನ್ನಬಹುದಿತ್ತಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಸೊಸೆ ನೆಲ ನೋಡುತ್ತ ಹೇಳಿದಳು.

"ನಾನೂ ಅದನ್ನ ಕೇಳಿದ್ನಿರಿ. ಕರಿಯಾಕ ಬಂದ ತಮ್ಮಗ ಒಲ್ಲೆ ಅಂತ ಹೆಂಗ ಅನ್ಲಿ, ಮಷೀನ ಅನ್ನಲಿ ಅಂದ್ರು. ನೀವು ಹೋದ ಮ್ಯಾಲೆ ಆ ಸೀರಿ ಮಡಚಿ ಘಳಗಿ ಮಾಡಿ ಇಟ್ಟು, ಮೂರ ದಿನ ತವರಿಗೆ ಹೋಗಿ ಬಂದೆ ನೋಡವಾ ಅಂದ್ರು."

ಬಸ್ಸಿನಲ್ಲಿ ಹಿಂತಿರುಗುವಾಗ, ಆ ಮೂರು ದಿನ ಅಕ್ಕ ಹೇಳಿದ್ದನ್ನೆಲ್ಲ ನೆನಪಿಗೆ ತಂದುಕೊಳ್ಳಲು ನೋಡಿದೆ. ಹಗ್ಗದ ಸುದ್ದಿ ಒಂದು ಬಂತು. ಅವ್ವನ ಬಗ್ಗೆ ಏನೋ ಹೇಳಿದ್ದಳು, ನಮ್ಮ ಬೇವಿನ ಗಿಡದ ಬಗ್ಗೆ ಏನೋ ಕೇಳಿದ್ದಳು. ಏನು ಕೇಳಿದಳೆಂದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ನಾನು ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಅಕ್ಕ ಮೂರು ದಿನ ತವರಿಗೆ ಬಂದಿದ್ದಳು, ನಾನು ಅವಳಿಗೆ ಬೆನ್ನು ಮಾಡಿ ಕೂತು, ಟಾರ್ಚ್ ಸರಿಯಾಗಿ ಹಿಡಿ ಅಂದಿದ್ದೆ.