ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಲ್ಲುವ ಪಾಠ

ನಾನು ಆ ಸಂಘದ ಮುಂದಾಳು ಆದದ್ದು ಮನೆಗೆ ಬೇಗ ಹೋಗಬೇಕೆಂದು. ಬೇರೆ ಕಾರಣ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮದು ಬೆಳ್ತಂಗಡಿಯಿಂದ ಅಳದಂಗಡಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಊರು. ಮೂಡುಬಿದಿರೆಯ ಒಂದು ಸಂಸ್ಥೆಯವರು ನಮ್ಮ ಅಂಗನವಾಡಿಯಲ್ಲಿ ಹುಡುಗಿಯರಿಗಾಗಿ ಭಾನುವಾರದ ಸಂಘ ಮಾಡಿದ್ದರು. ಹುಡುಗಿಯರಿಗೆ ತಮ್ಮ ಮೇಲೆ ತಮಗೇ ಗೌರವ ಬರಬೇಕು, ಅದು ಉದ್ದೇಶ. ನಡೆಸುತ್ತಿದ್ದ ಟೀಚರು ಮದುವೆಯಾಗಿ ಘಟ್ಟದ ಮೇಲೆ ಹೋದರು. ಇನ್ನು ಯಾರು ನಡೆಸುತ್ತೀರಿ ಎಂದು ಮೂಡುಬಿದಿರೆಯ ಮೇಡಂ ಊರಿನ ಹೆಂಗಸರನ್ನು ಕೂರಿಸಿ ಕೇಳಿದರು. ಸಂಬಳವಿಲ್ಲದ ಕೆಲಸ. ಎಲ್ಲರೂ ನೆಲ ನೋಡಿದರು. ನಾನು ಮನೆಯಲ್ಲಿ ಬೀಡಿ ಎಲೆ ನೆನೆಹಾಕಿ ಬಂದಿದ್ದೆ. ನೆನೆದ ಎಲೆಯನ್ನು ಹೊತ್ತಿಗೆ ಸರಿಯಾಗಿ ಕತ್ತರಿಸದಿದ್ದರೆ ಹಾಳಾಗುತ್ತದೆ. ಯಾರೂ ಇಲ್ಲದಿದ್ದರೆ ನಾನು ಕೂರುತ್ತೇನೆ, ಈಗ ಬಿಡಿ ಎಂದೆ. ಚಪ್ಪಾಳೆ ತಟ್ಟಿದರು.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ನಿಧಾನ. ಅದನ್ನು ಹೇಳಿದೆ. ತೊಂದರೆಯಿಲ್ಲ ಎಂದು ಬಂಟ್ವಾಳದಲ್ಲಿ ಒಂದು ದಿನ ತರಬೇತಿ ಕೊಟ್ಟರು. ಊಟ ಒಳ್ಳೆಯದಿತ್ತು. ಮಧ್ಯಾಹ್ನದ ನಂತರ ನಾನು ಕೂತಲ್ಲೇ ನಿದ್ದೆ ಮಾಡಿದೆ.

ಸಂಘಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟು ಬೀಡಿ ಕಟ್ಟುವವರು. ನಮ್ಮವರ ಮಕ್ಕಳೂ ಬ್ಯಾರಿ ಮುಸ್ಲಿಮರ ಮಕ್ಕಳೂ ಇದ್ದರು. ಅವರಲ್ಲಿ ಒಬ್ಬಳಿಗೆ ಮೇಲಿನ ಹಲ್ಲು ಮುಂದೆ ಬಂದಿತ್ತು. ಬಾಯಿಗೆ ಕೈ ಅಡ್ಡ ಇಡದೆ ಅವಳು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಬೀಡಿ ಕಟ್ಟುವುದರಲ್ಲಿ ಮಾತ್ರ ಚುರುಕು. ತಂದೆ ಇರಲಿಲ್ಲ. ತಾಯಿಯ ಮೊಣಕಾಲು ಹೋಗಿತ್ತು, ಗುಡ್ಡೆ ಇಳಿದು ಬ್ರಾಂಚಿಗೆ ಹೋಗಲು ಆಗುತ್ತಿರಲಿಲ್ಲ. ಬ್ರಾಂಚು ಎಂದರೆ ಕಟ್ಟಿದ ಬೀಡಿ ಕೊಟ್ಟು ಮರುದಿನಕ್ಕೆ ಎಲೆ, ಹೊಗೆಸೊಪ್ಪು ತರುವ ಜಾಗ. ಅಲ್ಲಿಗೆ ಹುಡುಗಿಯೇ ಹೋಗಬೇಕು. ಹೋಗದಿದ್ದರೆ ಎಲೆ ಇಲ್ಲ, ಎಲೆ ಇಲ್ಲದಿದ್ದರೆ ಆ ಮನೆಯಲ್ಲಿ ಬೇರೆ ದಾರಿ ಇಲ್ಲ.

ಬ್ರಾಂಚಿನಲ್ಲಿ ಬೀಡಿ ನೋಡುವ ಚೆಕ್ಕರನಿಗೆ ಬಾಯಿ ಚಟ. ಬೀಡಿಯ ಬಾಯಿಯನ್ನು ನಾವು ಉಗುರಿನಿಂದ ಮಡಚಿ ಮುಚ್ಚುತ್ತೇವೆ. ಅವಳ ಕಟ್ಟು ಬಿಚ್ಚಿ ಒಂದು ಬೀಡಿ ಎತ್ತಿ ಹಿಡಿದು ಕೇಳುತ್ತಿದ್ದ: "ಇದರ ಬಾಯಿ ಮುಚ್ಚಿದ್ದು ಉಗುರಿನಲ್ಲಾ, ಹಲ್ಲಿನಲ್ಲಾ?" ಸಾಲಿನಲ್ಲಿದ್ದ ಹೆಂಗಸರು ನಗುತ್ತಿದ್ದರು. ಅವನಿಗೆ ಖುಷಿಯಾದರೆ ಎಲೆ ಒಳ್ಳೆಯದು ಸಿಗುತ್ತದಲ್ಲ. ಒಂದು ದಿನ ಹುಡುಗಿ ಇನ್ನು ಹೋಗುವುದಿಲ್ಲ ಎಂದು ಮನೆಯಲ್ಲಿ ಕೂತಳು. ತಾಯಿ ಬೈದಳು, ಅತ್ತಳು, ಕೊನೆಗೆ ಕೋಲು ಹಿಡಿದು ತಾನೇ ಇಳಿದಳು. ಬರುವಾಗ ದಾರಿಯಲ್ಲಿ ಕೂತುಬಿಟ್ಟಿದ್ದಳು. ಎಬ್ಬಿಸಿ ಮನೆ ಮುಟ್ಟಿಸಿದ್ದು ನಾನು. ಆಮೇಲೂ ಎರಡು ದಿನಕ್ಕೊಮ್ಮೆ ತಾಯಿಯೇ ಹೇಗೋ ಇಳಿದು ಎಲೆ ತಂದಳು.

ಆ ಭಾನುವಾರ ಮೇಡಂ ಒಂದು ಕನ್ನಡಿ ತಂದಿದ್ದರು. ಒಬ್ಬೊಬ್ಬಳೂ ಕನ್ನಡಿ ನೋಡಿ ನಾನು ಚಂದ ಇದ್ದೇನೆ ಎನ್ನಬೇಕು. ನಮ್ಮಲ್ಲಿ ಮಗುವನ್ನು ಚಂದ ಎಂದವರ ಎದುರು ತಾಯಿ ನೆಲಕ್ಕೆ ಉಗಿಯುತ್ತಾಳೆ, ಕಣ್ಣು ಬೀಳಬಾರದೆಂದು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಎಲ್ಲಿಂದ? ಹುಡುಗಿಯರು ಒಬ್ಬರನ್ನೊಬ್ಬರು ನೂಕಿಕೊಂಡು ನಕ್ಕರು. ಕನ್ನಡಿ ಆ ಹಲ್ಲಿನ ಹುಡುಗಿಯ ಕೈಗೆ ಬಂದಾಗ ಅವಳು ಅದನ್ನು ಕವುಚಿ ಇಟ್ಟಳು. ಮೇಡಂ ಪ್ರೀತಿಯಿಂದಲೇ ಮತ್ತೆ ಎತ್ತಿ ಮುಖದ ಎದುರು ಹಿಡಿದರು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಅವಳಿಗೆ ಹಲ್ಲು ಮುಂದೆ ಉಂಟು. ಅದು ಅವಳಿಗೂ ಗೊತ್ತುಂಟು. ಸುಳ್ಳು ಹೇಳಿಸುವುದು ಬೇಡ" ಎಂದೆ.

ಮೇಡಂ ಮುಖ ಸಣ್ಣದಾಯಿತು. ಅಮ್ಮ, ನೀವೇ ಹೀಗೆ ಮಾತಾಡಿದರೆ ಹೇಗೆ ಎಂದರು. ಮೂರು ಗಂಟೆಯ ಬಸ್ಸಿಗೆ ಹೋದರು. ಅವರು ಕೆಟ್ಟವರಲ್ಲ. ಬ್ರಾಂಚಿನ ಸಾಲಿನಲ್ಲಿ ನಿಂತು ಗೊತ್ತಿಲ್ಲ, ಅಷ್ಟೆ.

ಮುಂದಿನ ವಾರ ನಾನು ಅಂಗನವಾಡಿಯ ಮೇಜಿನ ಹಿಂದೆ ಕೂತು ಚೆಕ್ಕರ್ ಆದೆ. ಹುಡುಗಿಯರು ಬೀಡಿ ಕಟ್ಟು ತಂದು ಕೊಡಬೇಕು. ನಾನು ಅವನ ಹಾಗೆಯೇ ಹಂಗಿಸಿದೆ. ನಗಬೇಡಿ, ಅಳಬೇಡಿ, ಯಾವ ಬೀಡಿ ಹಾಳು ತೋರಿಸಿ ಎಂದು ಮಾತ್ರ ಕೇಳಿ ಎಂದು ಹೇಳಿಕೊಟ್ಟೆ. ಅರ್ಧ ಗಂಟೆಯಲ್ಲಿ ನನ್ನ ಗಂಟಲು ಒಣಗಿತು. ಆಮೇಲೆ ಅವರನ್ನೇ ಸರದಿಯಲ್ಲಿ ಚೆಕ್ಕರ್ ಮಾಡಿದೆ. ಅಲ್ಲಿ ನೋಡಬೇಕಿತ್ತು. ತಲೆ ತಗ್ಗಿಸಿ ಕೂರುವ ಮಕ್ಕಳ ಬಾಯಿಯಲ್ಲಿ ಎಂಥ ಮಾತು. ಕುಂಟಿಯನ್ನು ಕುಂಟಿ ಎಂದರು, ಕಪ್ಪಗಿದ್ದವಳನ್ನು ಬಾಣಲೆ ತಳ ಎಂದರು. ಎಲ್ಲರಿಗಿಂತ ಖಾರ ಈ ಹಲ್ಲಿನ ಹುಡುಗಿ. ನನ್ನ ಕಟ್ಟನ್ನು ಮೂಸಿ, "ದೊಡ್ಡಮ್ಮ, ಇದು ಬೀಡಿಯಾ, ನಿಮ್ಮ ಸೊಟ್ಟ ಬೆರಳಾ?" ಎಂದಳು. ಆಗ ಅವಳ ಕೈ ಮೇಜಿನ ಮೇಲಿತ್ತು, ಬಾಯಿಯ ಮೇಲಲ್ಲ. ಯಾವುದು ಹಾಳು ತೋರಿಸು ಎಂದೆ, ಕೈಯ ಬಗ್ಗೆ ಹೇಳಲಿಲ್ಲ. ಹೇಳಿದರೆ ಕೈ ವಾಪಸು ಹೋಗುತ್ತಿತ್ತು.

ಮರುದಿನ ಅವಳು ಬ್ರಾಂಚಿಗೆ ಬಂದಳು. ಸಾಲಿನಲ್ಲಿ ನಾನು ಅವಳ ಹಿಂದೆ ಇದ್ದೆ. ಚೆಕ್ಕರನಿಗೆ ಬಹಳ ದಿನದ ಹಸಿವು. ಬೀಡಿ ಎತ್ತಿ ಹಿಡಿದು ಅದೇ ಮಾತು. ಯಾವುದು ಹಾಳು ಎಂದು ಕೇಳುತ್ತಾಳೆಂದು ನಾನು ಕಾದೆ. ಅವಳು ಅದನ್ನು ಕೇಳಲೇ ಇಲ್ಲ.

"ಹಲ್ಲು ನನ್ನದು. ನೀವು ಬೀಡಿ ನೋಡಿ ಅಣ್ಣ" ಎಂದಳು.

ಸಾಲಿನಲ್ಲಿ ಯಾರೂ ನಗಲಿಲ್ಲ. ಅವನು ಅವಳ ಕಟ್ಟುಗಳನ್ನೆಲ್ಲ ಒಂದು ಬದಿಗೆ ತಳ್ಳಿ, ಇವತ್ತು ಎಲೆ ಇಲ್ಲ, ಹೋಗು ಎಂದ. ನನಗೆ ಎಲೆ ಕೊಟ್ಟ. ನಾನು ತೆಗೆದುಕೊಂಡೆ. ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ.

ಸಂಜೆ ಅವಳ ತಾಯಿ ಕೋಲೂರಿಕೊಂಡು ನನ್ನ ಅಂಗಳಕ್ಕೆ ಬಂದಳು. "ಅಕ್ಕ, ನಿಮ್ಮ ಸಂಘದಲ್ಲಿ ನನ್ನ ಮಗಳಿಗೆ ಗೌರವ ಬಂತು. ಇನ್ನು ಗಂಜಿಗೆ ಅದನ್ನೇ ಹಾಕಿ ಕುದಿಸುವುದಾ?" ಎಂದಳು. ನನ್ನ ಎಲೆಯಲ್ಲಿ ಅರ್ಧ ಕೊಟ್ಟೆ. ಬೈಯುತ್ತಲೇ ತೆಗೆದುಕೊಂಡು ಹೋದಳು.

ಆ ವಾರವಿಡೀ ಹುಡುಗಿಗೆ ಎಲೆ ಸಿಗಲಿಲ್ಲ. ಭಾನುವಾರ ಮೇಡಂ ಬಂದಾಗ ಉಳಿದ ಹುಡುಗಿಯರು ನಡೆದದ್ದನ್ನು ಹೇಳಿದರು. ಮೇಡಂ ಕಣ್ಣು ತುಂಬಿಕೊಂಡು, ಇದೇ ನೋಡಿ ಆತ್ಮಗೌರವ, ಅವಳಿಗೊಂದು ಚಪ್ಪಾಳೆ ತಟ್ಟುವ ಎಂದರು. ಅವಳು ಬಂದೇ ಇರಲಿಲ್ಲ. "ಚಪ್ಪಾಳೆ ಬೇಡ ಮೇಡಂ, ಅವಳ ಮನೆಯಲ್ಲಿ ಎಲೆ ಇಲ್ಲ" ಎಂದೆ. ಮೇಡಂ ಬ್ರಾಂಚಿಗೆ ನಾನೇ ಹೋಗಿ ಕೇಳುತ್ತೇನೆ ಎಂದರು. ನಾನು ಬೇಡ ಎಂದೆ. ಅವರು ಕೇಳಿ ಬಸ್ಸು ಹತ್ತುತ್ತಾರೆ, ಮರುದಿನ ಸಾಲಿನಲ್ಲಿ ನಿಲ್ಲುವವಳು ಇವಳು.

ಸೋಮವಾರ ಹುಡುಗಿ ಪುನಃ ಬಂದಳು. ನಾನು ಕರೆದದ್ದಲ್ಲ. ಅವನು ಅವಳ ಕಡೆ ನೋಡಲಿಲ್ಲ. ಅವಳು ಬದಿಗೆ ನಿಂತಳು. ಹೆಂಗಸರು ಒಬ್ಬೊಬ್ಬರೇ ಎಲೆ ತೆಗೆದುಕೊಂಡು ಹೋದರು. ನನ್ನದೂ ಆಗಿತ್ತು. ಹೋಗಬೇಕಿತ್ತು, ಕಾಲು ನೋಯುತ್ತಿತ್ತು, ಆದರೆ ಮೆಟ್ಟಿಲ ಮೇಲೆ ಕೂತೆ. ಊಟದ ಹೊತ್ತಾಗಿ ಅವನು ಬಾಗಿಲು ಹಾಕಲು ಎದ್ದ.

"ನೀನಿನ್ನೂ ಹೋಗಲಿಲ್ವಾ?"

"ಎಲೆ ಸಿಕ್ಕಿಲ್ಲ ಅಣ್ಣ."

"ನಾಳೆ ಬಾ."

"ನಾಳೆಯೂ ಬರ್ತೇನೆ. ಇವತ್ತಿನದ್ದು ಕೊಡಿ."

ಅವನು ನನ್ನನ್ನು ನೋಡಿದ. ನಾನು ರಸ್ತೆ ನೋಡಿದೆ. ಅವನಿಗೂ ಕಂಪನಿಗೆ ಬೀಡಿ ಕಳಿಸಬೇಕಲ್ಲ, ಅವಳ ಕೈಯಂಥ ಕೈ ಆ ಊರಿನಲ್ಲಿ ಹೆಚ್ಚು ಇರಲಿಲ್ಲ. ಬೀಡಿ ನೋಡಿದ, ಬಾಯಿ ಬಿಡಲಿಲ್ಲ. ಎಲೆ ತೂಗಿ ಅವಳ ಚೀಲಕ್ಕೆ ಸುರಿದ.

ಇಬ್ಬರೂ ಗುಡ್ಡೆ ಹತ್ತಿದೆವು. ತಾಯಿ ಜಗಲಿಯಲ್ಲಿ ಚೀಲ ಬಿಚ್ಚಿ ಎಲೆ ಹರಡಿ ನೋಡಿದಳು. ಹರಿದದ್ದೇ ಹೆಚ್ಚು ಎಂದು ಗೊಣಗಿದಳು. ನನಗೆ ಕೂತುಕೊಳ್ಳಿ ಎನ್ನಲಿಲ್ಲ. ಎಲೆಯನ್ನು ನೀರಿಗೆ ಹಾಕುತ್ತಾ, ತಲೆ ಎತ್ತದೆ ಮಗಳಿಗೆ ಹೇಳಿದಳು:

"ನಾಳೆಯೂ ನೀನೇ ಹೋಗು."

ಹುಡುಗಿ ಹೂಂ ಎಂದಳು. ನಾನು ಮನೆಗೆ ಬಂದು ಚಾಪೆ ಹಾಕಿ ಮಲಗಿದೆ.